ಬೇಲಿಯ ಗಿಡ, ಗೂಡಿನ ಗಿಡ

ಹೊಂಗನೂರಿನಲ್ಲಿ ನಮಗೆ ಪರಿಚಯದ ಮನೆಯೊಂದಿದೆ. ಆ ಮನೆಯ ಸೊಸೆ ಹಿತ್ತಲಲ್ಲಿ ಹೊಸದಾಗಿ ಕೋಳಿ ಗೂಡು ಕಟ್ಟಿಸಿದರು. ಮೇಲೆ ಸಿಮೆಂಟ್ ಶೀಟು, ಸುತ್ತ ಕಬ್ಬಿಣದ ಜಾಲರಿ, ಮುಂದೆ ಕೋಳಿಗಳು ಅಡ್ಡಾಡಲು ಜಾಲರಿಯಿಂದಲೇ ಬಳಸಿದ ಒಂದಷ್ಟು ಖಾಲಿ ನೆಲ. ಮಾರ್ಚ್ ಬಂದಾಗ ಶೀಟು ಕಾದ ಹೆಂಚಾಯಿತು, ಕೋಳಿಗಳು ಬಾಯಿ ತೆರೆದು ಏದುಸಿರು ಬಿಡತೊಡಗಿದವು. ಸುತ್ತ ಗಿಡ ಹಾಕಿದರೆ ತಂಪಾಗುತ್ತದೆ, ನೋಡಲೂ ಚೆಂದ ಎಂದು ನರ್ಸರಿಯಿಂದ ಒಂದು ಸಾಲು ಹಳದಿ ಎಲೆಯ ಡ್ಯುರಾಂಟಾ, ನಾಲ್ಕು ಮೂಲೆಗೆ ನಾಲ್ಕು ಕಣಗಿಲೆ ತಂದರು. ನೀರು ಕೇಳುವುದಿಲ್ಲ, ಎಂಥ ಬಿಸಿಲಿಗೂ ಜಗ್ಗುವುದಿಲ್ಲ ಎಂದು ನರ್ಸರಿಯವರು ಹೇಳಿದ್ದರಂತೆ. ಅತ್ತೆಯೂ ಗಿಡ ನೋಡಿ ಒಪ್ಪಿದರು. ಅವರು ಹೇಳಿದ್ದು ಒಂದೇ ಮಾತು: ‘ದನ ಬಾಯಿ ಹಾಕಲ್ಲ, ನೆಡು.’

ಆ ಮಾತು ಕೇಳಿದಾಗ ನನಗೆ ಅನ್ನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅತ್ತೆ ಹೇಳಿದ್ದು ಸುಳ್ಳಲ್ಲ. ನಮ್ಮ ಸೀಮೆಯಲ್ಲಿ ಗಿಡ ಆರಿಸುವಾಗ ಮೊದಲು ನೋಡುತ್ತಿದ್ದದ್ದೇ ಅದು. ಆದರೆ ಆ ನಿಯಮ ಹುಟ್ಟಿದ್ದು ಹೊಲದ ಬೇಲಿಗೆ. ದನ ಏಕೆ ಬಾಯಿ ಹಾಕುವುದಿಲ್ಲ? ಗಿಡದಲ್ಲಿ ಮುಳ್ಳಿರಬೇಕು, ಹಾಲಿರಬೇಕು, ಇಲ್ಲವೇ ವಿಷವಿರಬೇಕು. ಆ ಮೂರು ಗುಣಗಳಿಗಾಗಿಯೇ ಹುಡುಕಿ ತಂದ ಗಿಡವನ್ನು ಕೋಳಿ ಗೂಡಿಗೆ ಆತುಕೊಂಡಂತೆ ನೆಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆ ಹಿಂದಿನವರಿಗೆ ಬಂದೇ ಇರಲಿಲ್ಲ. ಏಕೆಂದರೆ ಅವರ ಕೋಳಿಗಳು ಜಾಲರಿಯೊಳಗೆ ಇರಲಿಲ್ಲ.

ನಮ್ಮ ಊರುಗಳ ಹಳೆಯ ಬೇಲಿಗಳ ಬಗ್ಗೆ ಬರಹದಲ್ಲಿ ಸಿಗುವ ವಿವರ ಬಹುಪಾಲು ಯುದ್ಧಕ್ಕೆ ಬಂದವರದು. ಬೇಲಿ ಅವರ ಕಾಲಿಗೆ ಚುಚ್ಚಿತ್ತು, ಹಾಗಾಗಿ ಬರೆದಿಟ್ಟರು. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಬೆಂಗಳೂರು ಪೇಟೆಯ ಮೇಲೆ ಬಿದ್ದಾಗ ಅಲ್ಲಿ ಮಣ್ಣಿನ ಗೋಡೆ ಮತ್ತು ಕಂದಕದ ಜೊತೆಗೆ ಅಗಲವಾದ ಮುಳ್ಳುಕಂಟಿಯ ಪಟ್ಟಿಯೂ ಎದುರಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಾವನದುರ್ಗ, ಬೆನ್ನಿಗೇ ರಾಮಗಿರಿ ಬಿದ್ದವು. ಮುಂದಿನ ವರ್ಷ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರಗೆ ನಡೆದ ಕಾಳಗದ ವರ್ಣನೆಗಳಲ್ಲಿ ಕಾವೇರಿಯ ಉತ್ತರ ದಂಡೆಯ ‘ಗಡಿಬೇಲಿ’ ಮತ್ತೆ ಮತ್ತೆ ಬರುತ್ತದೆ. ಬಿದಿರು ಮತ್ತು ಮುಳ್ಳುಗಿಡಗಳನ್ನು ಒತ್ತೊತ್ತಾಗಿ ಬೆಳೆಸಿದ ಆ ಬೇಲಿಯೊಳಗೆ ಟಿಪ್ಪುವಿನ ಪಾಳೆಯವಿತ್ತು. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿಯಲ್ಲೇ ಚನ್ನಪಟ್ಟಣ ಇದೆ. ಸೈನ್ಯಗಳು ಓಡಾಡುವ ದಾರಿಯಲ್ಲಿ ಬದುಕಿದ ಜನ ಬೇಲಿಯನ್ನು ಹಗುರಾಗಿ ತೆಗೆದುಕೊಂಡಿರಲಾರರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಆಜ್ಞೆಯಂತೆ ಮೈಸೂರು ಸೀಮೆಯ ಬೇಸಾಯ ನೋಡಲು ಹೊರಟ. ಚನ್ನಪಟ್ಟಣದಲ್ಲೂ ತಂಗಿದ. ವಾದ್ಯಗಳಿಗೆ ಬಳಸುವ ಉಕ್ಕಿನ ತಂತಿ, ಗಾಜಿನ ಬಳೆ ಇಲ್ಲಿ ತಯಾರಾಗುತ್ತಿದ್ದುದನ್ನು ದಾಖಲಿಸಿದ. ಗಿಡಮರ ಬಲ್ಲ ಮನುಷ್ಯ, ದಾರಿಯುದ್ದಕ್ಕೂ ಗಿಡಗಳ ಹೆಸರು ಗುರುತು ಹಾಕಿಕೊಂಡವನು. ಆದರೆ ಅವನಿಗೆ ಬೇಕಿದ್ದುದು ರಾಗಿ, ಭತ್ತ, ಕಬ್ಬು, ಕಂದಾಯ. ಹಿತ್ತಲ ಕೋಳಿ ಕಂದಾಯಕ್ಕೆ ಬರುವುದಿಲ್ಲ. ಹೆಂಗಸರ ಕೈಯಲ್ಲಿದ್ದ ಈ ಸಣ್ಣ ಆಸ್ತಿ ಇಂಥ ಬರಹಗಳ ಅಂಚಿನಲ್ಲೇ ಉಳಿದುಬಿಡುತ್ತದೆ.

ಊರ ಬೇಲಿ ಹೋಗಿ ಹೊಲದ ಬೇಲಿ ಉಳಿಯಿತು. ಅದರಲ್ಲಿ ನಮ್ಮ ಕಡೆ ಹೆಚ್ಚಾಗಿ ಇದ್ದದ್ದು ಕಳ್ಳಿ. ಬೆರಳು ದಪ್ಪದ ಕಡ್ಡಿಗಳ ಕಡ್ಡಿಕಳ್ಳಿ, ಮೂಲೆಮೂಲೆಯ ಚದುರಗಳ್ಳಿ. ಮುರಿದು ಚುಚ್ಚಿದರೆ ಸಾಕು, ಬೇರು ಬಿಡುತ್ತದೆ. ಹಾಲು ಕಣ್ಣಿಗೆ ಬಿದ್ದರೆ ಉರಿದು ಊದಿಕೊಂಡು ಎರಡು ದಿನ ಕಣ್ಣು ತೆರೆಯಲಾಗದು. ಆಡು ಕೂಡ ಹತ್ತಿರ ಸುಳಿಯುವುದಿಲ್ಲ. ಕತ್ತಾಳೆ ಮೆಕ್ಸಿಕೋ ಕಡೆಯದು. ಬೆಂಗಳೂರು–ಮೈಸೂರು ರೈಲು ದಾರಿ 1881–82ರಲ್ಲಿ ತೆರೆಯಿತು. ಹಳಿಯ ಅಂಚಿಗೆ ಕತ್ತಾಳೆ ನೆಟ್ಟು ದನ ತಡೆಯುವುದು ಆ ಕಾಲದಲ್ಲಿ ದೇಶದ ಹಲವೆಡೆ ರೂಢಿಯಲ್ಲಿತ್ತು. ನಾರಿನಿಂದ ಹಗ್ಗ ಹೊಸೆಯಬಹುದು ಎಂಬುದು ಇನ್ನೊಂದು ಲಾಭ. ಅದರ ರಸ ಮೈಗೆ ತಾಗಿದರೆ ತುರಿಕೆ ಎಂಬುದು ನಾರು ತೆಗೆದವರಿಗೆಲ್ಲ ಗೊತ್ತು.

ಇವೆಲ್ಲದರಲ್ಲಿ ಪಾಪಾಸುಕಳ್ಳಿಯ ಕಥೆ ವಿಚಿತ್ರ. ಅದು ಅಮೆರಿಕ ಖಂಡದ ಗಿಡ. ಅದರ ಮೇಲೆ ಬದುಕುವ ಕೋಚಿನಿಯಲ್ ಎಂಬ ಹುಳುವಿನಿಂದ ಕಡುಗೆಂಪು ಬಣ್ಣ ಬರುತ್ತದೆ. ಆ ವ್ಯಾಪಾರವೆಲ್ಲ ಸ್ಪೇನಿನವರ ಕೈಯಲ್ಲಿತ್ತು. ಅದನ್ನು ಮುರಿಯಬೇಕೆಂದು ಮದ್ರಾಸಿನ ಕಂಪನಿ ವೈದ್ಯ ಜೇಮ್ಸ್ ಆಂಡರ್ಸನ್ 1780ರ ದಶಕದಿಂದಲೇ ಕಳ್ಳಿತೋಟ ಬೆಳೆಸಲು ಓಡಾಡಿದ. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬಾತ ಬ್ರೆಜಿಲ್‌ನಿಂದ ಹುಳು ತಂದ. ಆದರೆ ಅದು ನಿಜವಾದ ಬಣ್ಣದ ಹುಳುವಲ್ಲ, ಅದರ ಕಾಡು ದಾಯಾದಿ. ಬಣ್ಣ ಸಿಗಲಿಲ್ಲ, ಕಳ್ಳಿಯ ಒಂದು ಜಾತಿಯನ್ನು ಮಾತ್ರ ತಿಂದು ಮುಗಿಸಿತು. ಅದು ಮುಟ್ಟದ ಇನ್ನೊಂದು ಜಾತಿ ದಕ್ಷಿಣದ ಹೊಲ, ಗೋಮಾಳ, ಕೆರೆ ಏರಿಗಳನ್ನೆಲ್ಲ ಆಕ್ರಮಿಸಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಡೆದುಹೋಯಿತು. ಕೊನೆಗೆ 1926ರಲ್ಲಿ ಸಿಂಹಳದಿಂದ ಇನ್ನೊಂದು ಜಾತಿಯ ಕೋಚಿನಿಯಲ್ ತಂದು ಬಿಟ್ಟ ಮೇಲೆ ಕೆಲವೇ ವರ್ಷಗಳಲ್ಲಿ ಆ ಕಳ್ಳಿಯೂ ಕರಗಿತು.

ಕಳ್ಳಿ ಕರಗಿದ ಕಡೆ ಬೇಲಿ ಬೇಕಲ್ಲ? ಆ ಜಾಗಕ್ಕೆ ಬಂದ ಗಿಡಗಳೂ ಅದೇ ಪರೀಕ್ಷೆಯಲ್ಲಿ ಪಾಸಾದವು. 1800ರ ದಶಕದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ಬಂದ ಲಂಟಾನ ಹಕ್ಕಿಗಳ ಹೊಟ್ಟೆಯಲ್ಲಿ ಪ್ರಯಾಣ ಮಾಡಿ ಕನಕಪುರದ ಕಾಡಂಚಿನವರೆಗೂ ಬಂತು. ಹಸಿದ ದನ ಅದರ ಸೊಪ್ಪು ತಿಂದರೆ ಲಿವರ್ ಕೆಟ್ಟು ಕಾಮಾಲೆಯಾಗಿ ಸಾಯುತ್ತದೆ. ಮರಹರಳು ಅಥವಾ ಜಟ್ರೋಪ ಮೊದಲಿನಿಂದಲೂ ಬೇಲಿಯಲ್ಲಿತ್ತು. 2000ದ ದಶಕದಲ್ಲಿ ಜೈವಿಕ ಇಂಧನದ ಹುಮ್ಮಸ್ಸು ಎದ್ದಾಗ, 2009ರಲ್ಲಿ ರಾಜ್ಯ ತನ್ನದೇ ನೀತಿ ತಂದಾಗ, ಹೊಂಗೆ ಬೇವುಗಳ ಜೊತೆ ಅದಕ್ಕೂ ಬದುಗಳ ಮೇಲೆ ಗೌರವದ ಸ್ಥಾನ ಸಿಕ್ಕಿತು. ಅದರ ಬೀಜದಲ್ಲಿರುವ ವಿಷ ಕಾಯಿಸಿದರೂ ಸುಲಭಕ್ಕೆ ಹೋಗುವುದಿಲ್ಲ. ಹಳದಿ ಹೂವಿನ ಕಾಡುಕಣಗಿಲೆ, ಕೆಂಪು ಬಿಳಿ ಹೂವಿನ ಕಣಗಿಲೆ ಎರಡೂ ಹೃದಯಕ್ಕೇ ಕೈಹಾಕುವ ಗಿಡಗಳು, ಬೇರಿನಿಂದ ಹೂವಿನವರೆಗೆ. ರಸ್ತೆ ನಡುಪಟ್ಟಿಗಳಲ್ಲಿ ಅವನ್ನು ಅಷ್ಟೊಂದು ನೆಟ್ಟಿರುವುದಕ್ಕೆ ಕಾರಣ ಹೊಂಗನೂರಿನ ಅತ್ತೆ ಹೇಳಿದ್ದೇ.

ಇಷ್ಟು ವಿಷದ ನಡುವೆ ನಮ್ಮ ಅಜ್ಜಿಯರ ಕೋಳಿಗಳು ಹೇಗೆ ಬದುಕಿದವು? ಅವಕ್ಕೆ ಗೂಡು ಅಂತ ಇದ್ದದ್ದು ರಾತ್ರಿಗೆ ಮಾತ್ರ. ಜಗುಲಿ ಕೆಳಗಿನ ಕಿಂಡಿ, ಬಿದಿರಿನ ಪಂಜರ, ಮರಿಗಳ ಮೇಲೆ ಕವುಚಿ ಹಾಕಿದ ಮಂಕರಿ. ಬೆಳಿಗ್ಗೆ ಬಿಟ್ಟರೆ ಸಂಜೆಯವರೆಗೆ ತಿಪ್ಪೆ, ಕಣ, ಹಿತ್ತಲು, ಪಕ್ಕದ ಮನೆಯ ಹಿತ್ತಲು, ಅದಕ್ಕಾಗಿ ಜಗಳ. ಇಷ್ಟು ಅಗಲದ ನೆಲದಲ್ಲಿ ಹುಳು, ಗೆದ್ದಲು, ಹುಲ್ಲಿನ ಕುಡಿ, ಚೆಲ್ಲಿದ ರಾಗಿ ಸಿಗುವಾಗ ಕಹಿ ಎಲೆಗೆ ಕೊಕ್ಕು ಹಾಕುವ ದರ್ದು ಕೋಳಿಗಿಲ್ಲ. ಇನ್ನೊಂದು, ಮರಿಗಳ ಜೊತೆ ತಾಯಿ ಇರುತ್ತಿದ್ದಳು. ಹೇಂಟೆ ಕೆದಕಿ, ಕೊಕ್ಕಿನಿಂದ ಎತ್ತಿ ಬಿಟ್ಟು, ಗುಟುರು ಹಾಕಿ ಮರಿಗಳನ್ನು ಕರೆದು ಇದು ತಿನ್ನುವಂಥದ್ದು ಎಂದು ತೋರಿಸುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ನೋಡಿದ್ದೇವೆ. ಯಂತ್ರದಲ್ಲಿ ಒಡೆದ, ಡಬ್ಬದಲ್ಲಿ ಬಂದಿಳಿದ ಮರಿಗೆ ಆ ಪಾಠ ಹೇಳುವವರಿಲ್ಲ.

ಕೋಳಿಯ ಮೂಲವನ್ನೂ ಇಲ್ಲಿ ನೆನೆಯಬೇಕು. ಊರುಕೋಳಿಯ ಪೂರ್ವಜ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಈವರೆಗೆ ಸಿಕ್ಕಿರುವ ಖಚಿತವಾದ ಹಳೆಯ ಊರುಕೋಳಿ ಮೂಳೆಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿಯವು, ಸುಮಾರು ಮೂರೂವರೆ ಸಾವಿರ ವರ್ಷ ಹಿಂದಿನವು ಎಂದು 2022ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಭತ್ತ ಬೆಳೆದ ಕಡೆ ಕಾಳಿನಾಸೆಗೆ ಕಾಡಿನಿಂದ ಇಳಿದು ಬಂದ ಹಕ್ಕಿ ಅದು. ನಮ್ಮ ದಕ್ಷಿಣದ್ದು ಬೇರೆ, ಬೂದು ಕಾಡುಕೋಳಿ. ರಾಮನಗರ, ಕನಕಪುರದ ಕುರುಚಲು ಕಾಡುಗಳಲ್ಲಿ ಈಗಲೂ ಬೆಳಗಿನ ಜಾವ ಅದರ ಕೂಗು ಕೇಳುತ್ತದೆ. ಊರುಕೋಳಿಯ ಹಳದಿ ಕಾಲಿಗೆ ಕಾರಣವಾದ ವಂಶವಾಹಿ ಈ ಬೂದು ಕಾಡುಕೋಳಿಯಿಂದ ಬಂದದ್ದು ಎಂದು 2008ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. ಅಂದರೆ ನಾಟಿ ಕೋಳಿ ಸಾರಿಗೆ ಹೆಸರಾದ ಈ ಹೆದ್ದಾರಿಯ ಕೋಳಿಯ ಕಾಲಲ್ಲಿ ನಮ್ಮ ಕಾಡಿನ ಬಣ್ಣವೂ ಇದೆ.

ಎರಡೂ ಕಾಡುಕೋಳಿಗಳು ಪೊದೆಯ ಹಕ್ಕಿಗಳು. ತಲೆಯ ಮೇಲೆ ಹಸಿರು ಇಲ್ಲದ ಬಯಲಿಗೆ ಬರಲು ಹೆದರುತ್ತವೆ, ಮೇಲಿನಿಂದ ಗಿಡುಗ ಎರಗುತ್ತದೆಂಬ ಭಯ. ಆ ಭಯ ಫಾರಂ ಕೋಳಿಯಲ್ಲೂ ಉಳಿದಿದೆ. ಹೊರಗೆ ತಿರುಗಲು ಬಿಟ್ಟ ಮಾಂಸದ ಕೋಳಿಗಳು ಮರದ ನೆರಳಿರುವ ಕಡೆ ಹೆಚ್ಚು ಹೊರಬರುತ್ತವೆ ಎಂದು ಆಕ್ಸ್‌ಫರ್ಡ್‌ನ ಮರಿಯನ್ ಡಾಕಿನ್ಸ್ ಮತ್ತು ಸಂಗಡಿಗರು 2003ರಲ್ಲಿ ಬರೆದರು. ಹೊಂಗನೂರಿನ ಸೊಸೆಗೆ ಇದನ್ನು ಯಾರೂ ಹೇಳಬೇಕಿರಲಿಲ್ಲ. ಖಾಲಿ ನೆಲ ಬಿಟ್ಟು ಕೋಳಿಗಳೆಲ್ಲ ಶೆಡ್ಡಿನ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದುದನ್ನು ಅವರೇ ಕಂಡಿದ್ದರು. ಗಿಡ ಬೇಕೆಂಬ ಅವರ ತೀರ್ಮಾನ ಸರಿಯಾಗಿಯೇ ಇತ್ತು.

ತಪ್ಪು ಶುರುವಾದದ್ದು ಕೋಳಿ ಒಳಗೆ ಹೋದ ಕಾಲದಲ್ಲಿ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಗಿರಿರಾಜ ತಳಿ ಬಿಡುಗಡೆ ಮಾಡಿತು. ಬಣ್ಣಬಣ್ಣದ ಪುಕ್ಕ, ನಾಟಿಯಂಥ ನೋಟ, ಅದಕ್ಕಿಂತ ಬೇಗ ತೂಕ, ಹೆಚ್ಚು ಮೊಟ್ಟೆ. 2005ರಲ್ಲಿ ಸ್ವರ್ಣಧಾರ ಬಂತು. ಹಿತ್ತಲಿಗೆಂದೇ ಮಾಡಿದ ತಳಿಗಳಿವು, ಒಳ್ಳೆಯ ತಳಿಗಳು. ಆದರೆ ದುಡ್ಡು ಕೊಟ್ಟು ತಂದ ಮರಿಯನ್ನು ಬೀದಿಗೆ ಬಿಡಲು ಯಾರಿಗೂ ಮನಸ್ಸು ಬರುವುದಿಲ್ಲ. ಬೀದಿಯಲ್ಲಿ ಬೈಕು, ನಾಯಿ. ಪಕ್ಕದವರ ಹಿತ್ತಲು ಸೈಟಾಗಿದೆ. ಹಾಗಾಗಿ ಜಾಲರಿ. ಜಾಲರಿಯೊಳಗಿನ ಹುಲ್ಲು ಒಂದು ತಿಂಗಳಲ್ಲಿ ಖಾಲಿಯಾಗುತ್ತದೆ. ಆಮೇಲೆ ಕೊಕ್ಕಿಗೆ ಎಟಕುವ ಹಸಿರು ಯಾವುದಿದ್ದರೂ ಅದರ ಮೇಲೆ ಕಣ್ಣು. ದನ ತಡೆಯಲು ನೆಟ್ಟ ಗಿಡ ಅಲ್ಲೇ ಇದೆ, ಉದುರಿದ ಎಲೆ, ಬೀಜ ಜಾಲರಿಯ ಒಳಗೇ ಬೀಳುತ್ತದೆ.

ಇದರ ಪಾಠ ಅಮೆರಿಕದವರು ನಮ್ಮದೇ ಗಿಡದಿಂದ ಕಲಿತರು. ಒಣಗಿದ ಕಾಯಿ ಅಲ್ಲಾಡಿಸಿದರೆ ಗೆಜ್ಜೆಯಂತೆ ಗಲಗಲ ಎನ್ನುವ ಕಾಡುಸೆಣಬು, ಅಂದರೆ ಕ್ರೋಟಲೇರಿಯಾ, ನಮ್ಮ ಬದುಗಳಲ್ಲಿ ಸಾಮಾನ್ಯ. ಅದರ ಒಂದು ಜಾತಿಯನ್ನು ಅಲ್ಲಿನ ದಕ್ಷಿಣದ ರಾಜ್ಯಗಳು ಕಳೆದ ಶತಮಾನದ ಮೊದಲರ್ಧದಲ್ಲಿ ಹಸಿರುಗೊಬ್ಬರಕ್ಕೆಂದು ತಂದು ಬಿತ್ತಿದವು. ಮಣ್ಣಿಗೆ ಒಳ್ಳೆಯದೇ ಆಯಿತು. ಬೀಜ ಮಾತ್ರ ಜೋಳ, ಸೋಯಾದೊಂದಿಗೆ ಸೇರಿ ಕೋಳಿಗಳ ಮೇವಿಗೆ ಹೋಯಿತು, ಕೋಳಿಗಳು ಸತ್ತವು. ನಮ್ಮಲ್ಲಿ 1983ರಿಂದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಸುಬಾಬುಲ್ ಸಸಿ ಎಲ್ಲೆಲ್ಲೂ ಹಂಚಿಕೆಯಾಯಿತು. ಆಡು ದನಕ್ಕೆ ಅದು ಮೇವು. ಕೋಳಿಗೆ ಅದರ ಸೊಪ್ಪು ಮೇವಿನ ನೂರಕ್ಕೆ ಐದು ಭಾಗ ದಾಟಬಾರದು ಎನ್ನುತ್ತಾರೆ, ಮಿಮೋಸಿನ್ ಎಂಬ ವಸ್ತು ಬೆಳವಣಿಗೆಯನ್ನು ತಡೆಯುತ್ತದೆ. ದನಕ್ಕೆ ಒಳ್ಳೆಯದು ಕೋಳಿಗೂ ಒಳ್ಳೆಯದು ಎನ್ನುವ ಉಲ್ಟಾ ನಿಯಮವೂ ನಡೆಯುವುದಿಲ್ಲ ಎನ್ನಲು ಈ ಮಾತು. ಈಚೆಗೆ ತೋಟದ ಮನೆಗಳಲ್ಲಿ ಬೆಣ್ಣೆಹಣ್ಣಿನ ಗಿಡ ನೆಡುವ ಉತ್ಸಾಹವಿದೆ. ಮನುಷ್ಯರು ತಿನ್ನುವ ಆ ಹಣ್ಣಿನ ಸಿಪ್ಪೆ, ಬೀಜ, ಎಲೆ ಹಕ್ಕಿಗಳ ಹೃದಯಕ್ಕೆ ಅಪಾಯ. ಅದರಡಿ ಗೂಡು ಬೇಡ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಕೋಳಿ ಸತ್ತಾಗಲೆಲ್ಲ ಗಿಡದ ಮೇಲೆ ತಪ್ಪು ಹೊರಿಸುವುದೂ ಸರಿಯಲ್ಲ. ಕತ್ತು ತಿರುಚಿಕೊಂಡು, ಹಸಿರು ಭೇದಿಯಾಗಿ ಸಾಲಾಗಿ ಸತ್ತರೆ ಮೊದಲು ನೆನೆಯಬೇಕಾದ್ದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. 1927ರ ಹೊತ್ತಿಗೆ ಹಿಮಾಲಯದ ತಪ್ಪಲಿನ ಆ ಊರಲ್ಲಿ ಗುರುತಿಸಿದ್ದರಿಂದ ಆ ಹೆಸರು. ಅದಕ್ಕೆ ಲಸಿಕೆಯಿದೆ. 1925ರಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಎಂದು ಶುರುವಾದ ಹೆಬ್ಬಾಳದ ಸಂಸ್ಥೆ ಇಂದಿಗೂ ಜಾನುವಾರು, ಕೋಳಿಗಳ ಲಸಿಕೆ ತಯಾರಿಸುತ್ತದೆ. ಲಸಿಕೆ ಹಾಕಿಸದೆ ಗಿಡ ಕಿತ್ತರೆ ಏನೂ ಪ್ರಯೋಜನವಿಲ್ಲ. ಹೊಂಗನೂರಿನ ಮನೆಯಲ್ಲಿ ಸತ್ತದ್ದು ಎರಡೇ ಮರಿ, ಒಂದೇ ದಿನ, ಉಳಿದವು ಚೆನ್ನಾಗಿದ್ದವು. ಮೂಲೆಯ ಕಣಗಿಲೆಯನ್ನು ಹಿಂದಿನ ಸಂಜೆ ಸವರಿ ಕೊಂಬೆಗಳನ್ನು ಜಾಲರಿ ಪಕ್ಕದಲ್ಲೇ ಬಿಟ್ಟಿದ್ದರು. ಬಾಡಿದ ಕಣಗಿಲೆಯ ಎಲೆಯಲ್ಲೂ ವಿಷ ಹಾಗೆಯೇ ಇರುತ್ತದೆ. ಅದರಿಂದಲೇ ಸತ್ತವು ಎಂದು ಪರೀಕ್ಷೆ ಮಾಡಿ ಹೇಳಿದವರಿಲ್ಲ. ಸೊಸೆ ಮಾತ್ರ ಕಾಯಲಿಲ್ಲ, ಕಣಗಿಲೆಯನ್ನು ಬುಡಸಹಿತ ಅಗೆದು ಹಾಕಿದರು. ಡ್ಯುರಾಂಟಾದ ಹಳದಿ ಹಣ್ಣು ಮಕ್ಕಳಿಗೂ ವಿಷ ಎಂದು ಗೊತ್ತಾದ ಮೇಲೆ ಅದನ್ನೂ ತೆಗೆದರು. ಮನೆಯಲ್ಲಿ ಎರಡು ವರ್ಷದ ಮಗುವಿದೆ.

ಹಾಗಾದರೆ ಏನು ನೆಡಬೇಕು? ಇದಕ್ಕೆ ಉತ್ತರ ಹುಡುಕಲು ನರ್ಸರಿಗೆ ಹೋಗಬೇಕಿಲ್ಲ, ಅದು ಅವರ ಹೊಲದಲ್ಲೇ ಇತ್ತು. ಟಿಪ್ಪುವಿನ ಕಾಲದಲ್ಲಿ ಬಂಗಾಳದಿಂದ ರೇಷ್ಮೆಹುಳು ತರಿಸಿದಾಗಿನಿಂದ ಈ ಸೀಮೆಯ ಗಿಡವೆಂದರೆ ಹಿಪ್ಪುನೇರಳೆ. ರಾಮನಗರದ ಗೂಡಿನ ಮಾರುಕಟ್ಟೆ ಎಂದರೆ ರೇಷ್ಮೆ ಗೂಡು. ಚನ್ನಪಟ್ಟಣದ ಪಕ್ಕದ ಕಣ್ವದ ಸರ್ಕಾರಿ ರೇಷ್ಮೆ ಕ್ಷೇತ್ರದ ಹೆಸರು ಹೊತ್ತ ಕಣ್ವ-2 ತಳಿಯ ಕಡ್ಡಿ ರಾಜ್ಯದಾದ್ಯಂತ ಹರಡಿತು, ಎಂ-5 ಎಂದರೂ ಅದೇ. ಆ ತಳಿ ಮಳೆಯಾಶ್ರಯದಲ್ಲೂ ಬದುಕುತ್ತದೆ. ಕತ್ತರಿಸಿದಷ್ಟೂ ಚಿಗುರುತ್ತದೆ. ಸೊಪ್ಪಿನಲ್ಲಿ ಒಳ್ಳೆಯ ಸಸಾರಜನಕವಿದೆ, ಹಣ್ಣನ್ನು ಕೋಳಿಗಳು ಹಾರಿ ಹಾರಿ ಕಿತ್ತು ತಿನ್ನುತ್ತವೆ. ಕತ್ತರಿಸದೆ ಬಿಟ್ಟರೆ ಮರವಾಗಿ ಶೀಟಿಗೆ ನೆರಳು ಕೊಡುತ್ತದೆ. ಆದರೂ ಇಷ್ಟು ದಿನ ಯಾರೂ ಅದನ್ನು ಕೋಳಿ ಗೂಡಿನ ಪಕ್ಕ ನೆಟ್ಟದ್ದು ನಾನು ಕಾಣೆ. ಕಾರಣ ಸರಳ: ಹಿಪ್ಪುನೇರಳೆ ಹುಳುವಿನ ಪಾಲು, ಕೋಳಿ ಹುಳುವಿನ ಶತ್ರು. ಹುಳುಮನೆಗೆ ಕೋಳಿ ನುಗ್ಗಿತೆಂದರೆ ಒಂದು ಬೆಳೆಯ ದುಡ್ಡು ಅರ್ಧ ಗಂಟೆಯಲ್ಲಿ ಹೊಟ್ಟೆಗೆ. ಆ ಹಗೆಯ ನಡುವೆಯೂ ಕೊಡುಕೊಳ್ಳುವಿಕೆ ಇತ್ತು ಅನ್ನಿ. ನೂಲು ಬಿಚ್ಚಿದ ಮೇಲೆ ಉಳಿಯುವ ಪ್ಯೂಪಾ ಕೋಳಿ, ಮೀನಿನ ಮೇವಿಗೆ ಹೋಗುತ್ತದೆ.

ಒಂದೇ ಷರತ್ತು, ಗೂಡಿನ ಪಕ್ಕದ ಹಿಪ್ಪುನೇರಳೆಗೆ ಔಷಧ ಹೊಡೆಯಬಾರದು. ಹೊಲದ ಸಾಲಿನಲ್ಲಿ ನುಸಿ, ಎಲೆಸುರುಳಿ ಹುಳಕ್ಕೆಂದು ಹೊಡೆದು ಹುಳುವಿಗೆ ಸೊಪ್ಪು ಕೊಡಲು ದಿನ ಎಣಿಸುವ ರೈತರು ಕೋಳಿಯ ವಿಷಯದಲ್ಲಿ ದಿನ ಎಣಿಸುವುದಿಲ್ಲ.

ಉಳಿದ ಗಿಡಗಳೂ ದೂರದವಲ್ಲ. ನುಗ್ಗೆಯ ಸೊಪ್ಪು ಕೋಳಿಗೆ ಆಹಾರ, ಆದರೆ ಕೊಂಬೆ ಪೊಳ್ಳು, ಗಾಳಿಗೆ ಶೀಟಿನ ಮೇಲೆ ಮುರಿದು ಬೀಳುತ್ತದೆ, ಸ್ವಲ್ಪ ದೂರ ಇರಬೇಕು. ದಾಸವಾಳ ಜಾಲರಿಯ ಸಾಲಿಗೆ ಚೆನ್ನ, ಹೂವು ದೇವರಿಗೂ ಆಯಿತು, ಉದುರಿದ್ದು ಕೋಳಿಗೂ ಆಯಿತು. ಮಜ್ಜಿಗೆಹುಲ್ಲು ಬಿಸಿಲಿಗೆ ಅಂಜುವುದಿಲ್ಲ, ಕೋಳಿ ಕೆದಕಿದರೂ ಬುಡ ಗಟ್ಟಿ. ದೊಡ್ಡ ನೆರಳಿಗೆ ಹೊಂಗೆ. ಊರಿನ ಹೆಸರಲ್ಲೇ ಅದರ ಸದ್ದು ಕೇಳುತ್ತದಲ್ಲ! ಹೊಂಗೆ ಬೀಜ ಕಹಿ, ಕೋಳಿಮೇವಿಗೆ ಬೆರೆಸಿದರೆ ಮರಿಗಳ ಬೆಳವಣಿಗೆ ಕುಗ್ಗುತ್ತದೆ. ಆದರೆ ಅದು ಗಟ್ಟಿ ಸಿಪ್ಪೆಯೊಳಗಿರುತ್ತದೆ, ಕೋಳಿ ಒಡೆಯಲಾರದು. ಬಿದ್ದ ಕಾಯಿ ಗುಡಿಸಿದರೆ ಸಾಕು.

ಲಕ್ಕಿ, ಬೇವು, ಸೀತಾಫಲಗಳಿಗೆ ಬೇರೆಯೇ ಜಾಗ. ರಾಮನಗರದ ಬಂಡೆಗಳ ಸಂದಿಯಲ್ಲಿ ತಾನಾಗಿ ಬೆಳೆಯುವ ಸೀತಾಫಲದ ಎಲೆಯನ್ನು ಆಡೂ ತಿನ್ನುವುದಿಲ್ಲ. ಕಾವು ಕೂರಿಸುವಾಗ ಮಂಕರಿಯ ತಳಕ್ಕೆ ಮರಳು ಅಥವಾ ಬೂದಿ, ಮೊಟ್ಟೆಯ ಜೊತೆ ಗುಡುಗಿಗೆ ಕೆಡದಿರಲೆಂದು ಒಂದು ಕಬ್ಬಿಣದ ಮೊಳೆ, ಇದ್ದಿಲು, ಹೇನು ಹತ್ತದಿರಲೆಂದು ಸೀತಾಫಲ ಇಲ್ಲವೇ ಬೇವಿನ ಸೊಪ್ಪು ಇಡುವ ರೂಢಿ. ಮೊಳೆಯ ವಿಷಯ ನನಗೆ ನಂಬಿಕೆಯಿಲ್ಲ, ಸೊಪ್ಪಿನದು ನಂಬುವಂಥದ್ದೇ. ಸೀತಾಫಲದ ಎಲೆ, ಬೀಜಗಳಲ್ಲಿ ಕೀಟ ಕೊಲ್ಲುವ ಗುಣವಿದೆ, ಬೀಜದ ಪುಡಿ ಕಣ್ಣಿಗೆ ಬಿದ್ದರೆ ಅನಾಹುತ. ಹಿಂದಿನವರು ಗೂಡಿಗೆಂದು ಗಿಡ ಆರಿಸಲೇ ಇಲ್ಲ ಎಂದು ಮೇಲೆ ಬರೆದೆನಲ್ಲ, ಅದನ್ನು ಇಷ್ಟರ ಮಟ್ಟಿಗೆ ತಿದ್ದಿಕೊಳ್ಳಬೇಕು. ಗೂಡಿನ ಸುತ್ತ ಏನು ಎಂದು ಅವರು ಯೋಚಿಸಲಿಲ್ಲ, ಗೂಡಿನ ಒಳಗೆ ಏನು ಎಂದು ಯೋಚಿಸಿದ್ದರು. ಆ ತಿಳಿವಳಿಕೆ ಕಾವು ಕೂರಿಸುವ ಹೆಂಗಸರ ಕೈಯಲ್ಲಿತ್ತು. ಈಗ ಕಾವು ಕೂರುವ ಕೆಲಸ ಯಂತ್ರದ್ದು. ಅತ್ತೆಗೆ ಎರಡೂ ಗೊತ್ತು, ಬೇಲಿಯದ್ದೂ ಮಂಕರಿಯದ್ದೂ. ಸೊಸೆ ಕೇಳಿದ್ದು ಮಾತ್ರ ಬೇಲಿಯದ್ದು.

ಈ ಮಳೆಗಾಲದ ಮೊದಲ ಹದಕ್ಕೆ ಇಬ್ಬರೂ ಸೇರಿ ಜಾಲರಿಯಿಂದ ಎರಡು ಮೊಳ ಬಿಟ್ಟು ಪಡುವಣ ದಿಕ್ಕಿಗೆ ಹನ್ನೆರಡು ಹಿಪ್ಪುನೇರಳೆ ಕಡ್ಡಿ ನೆಟ್ಟರು. ತೀರಾ ಹತ್ತಿರ ನೆಟ್ಟರೆ ಪೊದೆಯ ಮರೆಯಲ್ಲಿ ಮುಂಗುಸಿ ಬಂದು ಜಾಲರಿಯ ಬುಡ ತೋಡುತ್ತದೆ, ಅದಕ್ಕೇ ಆ ಎರಡು ಮೊಳ. ಬುಡಕ್ಕೆ ಅಂಗೈ ಅಗಲದ ಕಲ್ಲು ಜೋಡಿಸಿದರು. ಹಾಗಿದ್ದೂ ಸಂಜೆ ಹೊರಗೆ ಬಿಟ್ಟ ಹೇಂಟೆಯೊಂದು ಮೂರೇ ದಿನದಲ್ಲಿ ಎರಡು ಕಡ್ಡಿಯ ಚಿಗುರನ್ನು ನುಣ್ಣಗೆ ಬೋಳಿಸಿತು. ನಾನು ಮತ್ತೆ ಹೋದಾಗ ಅಟ್ಟದ ಮೇಲಿದ್ದ ಹಳೆಯ ಮಂಕರಿಗಳು ಕೆಳಗಿಳಿದಿದ್ದವು. ಒಂದೊಂದನ್ನೂ ಕಡ್ಡಿಯ ಮೇಲೆ ಕವುಚಿ, ಹಾರದಿರಲೆಂದು ಮೇಲೊಂದು ಕಲ್ಲು ಹೇರಿದ್ದರು. ಕೋಳಿಗಳು ಅವುಗಳ ಸುತ್ತ ತಿರುಗುತ್ತ, ಹೆಣೆದ ಬಿದಿರಿನ ಸಂದಿಯಲ್ಲಿ ಕತ್ತು ಓರೆ ಮಾಡಿ ಇಣುಕುತ್ತಿದ್ದವು.